ದಾವಣಗೆರೆಯ ಬೆಳಿಗ್ಗೆ ಏಳು, ನ್ಯೂಜೆರ್ಸಿಯ ರಾತ್ರಿ ಎಷ್ಟು? ತರಗತಿ ಆ್ಯಪ್ ಒಂದರ ಸಮಯ ರಿಪೇರಿ

ರಿಪೇರಿಗೆ ಬಂದದ್ದು ದಾವಣಗೆರೆಯಿಂದ ನಡೆಯುವ ಆನ್‌ಲೈನ್ ಸಂಗೀತ ತರಗತಿಗಳ ವೆಬ್ ಆ್ಯಪ್. ಕಲಿಸುವವರೆಲ್ಲ ಊರಲ್ಲೇ ಇದ್ದಾರೆ. ಕಲಿಯುವ ಮಕ್ಕಳು ದಾವಣಗೆರೆ, ದುಬೈ, ಲಂಡನ್, ನ್ಯೂಜೆರ್ಸಿ, ಮೆಲ್ಬರ್ನ್ ಅಂತ ಚದುರಿದ್ದಾರೆ. ಸರ್ವರಿನ ಕಡೆ ಜಾಂಗೋ (ಪೈಥಾನಿನ ವೆಬ್ ಚೌಕಟ್ಟು) ಮತ್ತು ಪೋಸ್ಟ್‌ಗ್ರೆಸ್ (ಡೇಟಾಬೇಸ್), ಬ್ರೌಸರಿನ ಕಡೆ ಸಾದಾ ಜಾವಾಸ್ಕ್ರಿಪ್ಟ್.

ದೂರುಗಳು ಮೂರು ಬಗೆಯವು. ಮಾರ್ಚ್ ಎರಡನೇ ವಾರದಿಂದ ಅಮೆರಿಕದ ಮಕ್ಕಳು ಒಂದು ಗಂಟೆ ಮುಂಚೆಯೇ ಬಂದು ಖಾಲಿ ಪರದೆ ಮುಂದೆ ಕೂರುತ್ತಾರೆ. ಕೆಲವು ಹಳೆಯ ತರಗತಿಗಳು 6:37, 8:37 ಎಂಬ ಯಾರೂ ಇಡದ ಹೊತ್ತು ತೋರಿಸುತ್ತವೆ. ಒಂದನೇ ತಾರೀಕು ಬೆಳಗಿನ ಜಾವ 5ಕ್ಕೆ ನಡೆದ ಪಾಠ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರುತ್ತದೆ. ಮೂರೂ ಬೇರೆ ಬೇರೆ ತಪ್ಪುಗಳು. ಒಂದೇ ಕಡೆ ಐದೂವರೆ ಗಂಟೆ ಕೂಡಿಸಿ ಕಳೆದು ಸರಿಮಾಡಲು ಹೋದರೆ ನಾಲ್ಕನೆಯದು ಹುಟ್ಟಿಕೊಳ್ಳುತ್ತದೆ.

ಯಾರ ಗಡಿಯಾರ?

ಕೋಡ್ ಮುಟ್ಟುವ ಮೊದಲು ಶಾಲೆಯವರಿಂದ ಉತ್ತರ ಪಡೆಯಬೇಕಾದ ಪ್ರಶ್ನೆ ಇದು: ಗಡಿಯಾರ ಬದಲಾದಾಗ (ಅಮೆರಿಕ, ಯುರೋಪಿನಂಥ ಕಡೆ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ) ಈ ಬ್ಯಾಚ್ ಯಾರ ಹೊತ್ತಿಗೆ ನಿಲ್ಲಬೇಕು?

ಭಾನುವಾರ ಬೆಳಿಗ್ಗೆ 7ರ ಬ್ಯಾಚ್ ದಾವಣಗೆರೆಯ ಗಡಿಯಾರಕ್ಕೆ ಕಟ್ಟಿದ್ದರೆ, ನ್ಯೂಜೆರ್ಸಿಯಲ್ಲಿ ಅದು ಚಳಿಗಾಲಕ್ಕೆ ಶನಿವಾರ ರಾತ್ರಿ 8:30, ಬೇಸಿಗೆಗೆ 9:30. ಅದೇ ಬ್ಯಾಚನ್ನು ನ್ಯೂಜೆರ್ಸಿಯ ಶನಿವಾರ ರಾತ್ರಿ 8:30ಕ್ಕೆ ಕಟ್ಟಿದರೆ ಮಗುವಿನ ಹೊತ್ತು ಕದಲುವುದಿಲ್ಲ, ಗುರುಗಳ ಹೊತ್ತು ಕದಲುತ್ತದೆ: ಚಳಿಗಾಲಕ್ಕೆ ಬೆಳಿಗ್ಗೆ 7, ಬೇಸಿಗೆಗೆ 6. ಎರಡೂ ಸರಿಯೇ. ಆದರೆ ಪ್ರೋಗ್ರಾಮರ್ ತನ್ನಷ್ಟಕ್ಕೆ ತಾನೇ ನಿರ್ಧರಿಸುವ ವಿಷಯ ಇದಲ್ಲ. ಹಾಗಾಗಿ ಬ್ಯಾಚ್ ಟೇಬಲ್ಲಿಗೆ ಮೂರು ಕಾಲಂ ಬಂದವು: ವಾರದ ದಿನ, ಗಡಿಯಾರದ ಸಮಯ, ಟೈಮ್‌ಜೋನಿನ ಹೆಸರು. ಹೆಸರು ಅಂದರೆ ‘ಏಷ್ಯಾ/ಕೋಲ್ಕತಾ’, ‘ಅಮೆರಿಕ/ನ್ಯೂಯಾರ್ಕ್’ ಥರದ ಐಯಾನಾ (ಜಗತ್ತಿನ ಟೈಮ್‌ಜೋನ್‌ಗಳ ಪಟ್ಟಿ ಇಡುವ ಸಂಸ್ಥೆ) ಹೆಸರು. ‘-05:00’ (ಯುಟಿಸಿ ಎಂಬ ಜಾಗತಿಕ ಮೂಲ ಸಮಯಕ್ಕಿಂತ ಐದು ಗಂಟೆ ಹಿಂದೆ) ಎಂಬ ಅಂಕಿ ಅಲ್ಲ.

ಹಳೆಯ ಕೋಡಿನಲ್ಲಿ ಇದ್ದದ್ದು ಆ ಅಂಕಿಯೇ. ಮೊದಲ ದೂರಿನ ಮೂಲ ಅದು. ಭಾರತದ ಗಡಿಯಾರ ವರ್ಷವಿಡೀ ಯುಟಿಸಿಗಿಂತ 5:30 ಮುಂದೆ ಇರುತ್ತದೆ. ಆದ್ದರಿಂದ ಇಲ್ಲಿ ಕೂತು ಟೆಸ್ಟ್ ಮಾಡುವವರಿಗೆ ಅಂಕಿಯೂ ಹೆಸರೂ ಒಂದೇ ಆಗಿ ಕಾಣುತ್ತವೆ. ಅಮೆರಿಕದಲ್ಲಿ 2007ರಿಂದ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗಿ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳು. ಮೆಲ್ಬರ್ನ್ ದಕ್ಷಿಣಾರ್ಧದ ಊರು, ಅಲ್ಲಿ ತಿರುವುಮುರುವು: ಏಪ್ರಿಲ್ ಮೊದಲ ಭಾನುವಾರ ಹಿಂದೆ, ಅಕ್ಟೋಬರ್ ಮೊದಲ ಭಾನುವಾರ ಮುಂದೆ. ಅದೇ ದೇಶದ ಬ್ರಿಸ್ಬೇನ್ ಗಡಿಯಾರ ಮುಟ್ಟುವುದೇ ಇಲ್ಲ. 2026ರ ಮಾರ್ಚ್ 8ರಿಂದ 29ರವರೆಗೆ ನ್ಯೂಯಾರ್ಕಿಗೂ ಲಂಡನ್ನಿಗೂ ಅಂತರ ಐದಲ್ಲ, ನಾಲ್ಕು ಗಂಟೆ. ಒಂದೇ ಬ್ಯಾಚಿನಲ್ಲಿ ಎರಡೂ ಊರಿನ ಮಕ್ಕಳಿದ್ದರೆ ಆ ಮೂರು ವಾರ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ.

ನಿಮಿಷ ನೋಡಿ ಮೂಲ ಹಿಡಿಯುವುದು

ಹೆಚ್ಚು ಹೊತ್ತು ತಿಂದ ಕೆಲಸ ಹಳೆಯ ದಾಖಲೆಗಳದ್ದು. ತರಗತಿ ಶುರುವಾಗುವ ಸಮಯದ ಕಾಲಂ ‘ಟೈಮ್‌ಸ್ಟ್ಯಾಂಪ್ ವಿತೌಟ್ ಟೈಮ್ ಜೋನ್’ ಬಗೆಯದು. ಅಂದರೆ ಅದರಲ್ಲಿ 07:00 ಎಂದಿದ್ದರೆ ಯಾವ ಊರಿನ 7 ಎಂಬುದು ಡೇಟಾಬೇಸಿಗೆ ಗೊತ್ತಿಲ್ಲ. ಆ ಕಾಲಮ್ಮಿಗೆ ಮೂರು ದಾರಿಯಿಂದ ಸಾಲುಗಳು ಬಿದ್ದಿದ್ದವು: ಅಡ್ಮಿನ್ ಪುಟದಿಂದ ಭಾರತದ ಸಮಯ ಹಾಗೇ, ಮೊಬೈಲ್ ಆ್ಯಪ್ ಮಾಹಿತಿ ಕಳಿಸುವ ದಾರಿಯಿಂದ (ಎಪಿಐ) ಯುಟಿಸಿ, ಹಳೆಯ ಪೈಥಾನ್ ಸ್ಕ್ರಿಪ್ಟ್ ಒಂದರಿಂದ 23 ನಿಮಿಷ ತಪ್ಪಿದ ಯುಟಿಸಿ.

ಈ 23 ನಿಮಿಷದ ಹಿಂದೆ ಹಳೆಯ ಕಥೆ ಇದೆ. ಐಯಾನಾ ಡೇಟಾಬೇಸಿನಲ್ಲಿ ‘ಏಷ್ಯಾ/ಕೋಲ್ಕತಾ’ದ ದಾಖಲೆ ಇವತ್ತಿನ 5:30ರಿಂದ ಶುರುವಾಗುವುದಿಲ್ಲ. 19ನೇ ಶತಮಾನದ ಕಲ್ಕತ್ತೆಯ ಸ್ಥಳೀಯ ಸೂರ್ಯಮಾನ 5:53:28ರಿಂದ ಶುರುವಾಗುತ್ತದೆ. ‘ಪೈಟಿಝಡ್’ ಎಂಬ ಪೈಥಾನ್ ಟೈಮ್‌ಜೋನ್ ಲೈಬ್ರರಿಯ ಜೋನನ್ನು ‘ಟಿಝಡ್‌ಇನ್ಫೋ’ ಎಂದು ನೇರವಾಗಿ ಡೇಟ್‌ಟೈಮಿಗೆ ಕೊಟ್ಟರೆ ಅದು ಆ ಮೊದಲ ಸಾಲನ್ನೇ ಹಿಡಿದು 5:53 ಲೆಕ್ಕ ಹಾಕುತ್ತದೆ. ‘ಲೋಕಲೈಜ್’ ಎಂಬ ಫಂಕ್ಷನ್ ಮೂಲಕ ಕೊಟ್ಟರೆ ಮಾತ್ರ 5:30. ಹೀಗಾಗಿ ಬೆಳಿಗ್ಗೆ 7:00 ಎಂಬುದು 01:30 ಯುಟಿಸಿ ಆಗುವ ಬದಲು 01:07 ಆಯಿತು, ತಿರುಗಿ ತೋರಿಸುವಾಗ 6:37 ಬಂತು. (ಊರೂರಿನ ಸೂರ್ಯಮಾನವನ್ನೇ ನಂಬಿದ್ದರೆ ದಾವಣಗೆರೆಯದು ಹೆಚ್ಚುಕಡಿಮೆ 5:04 ಆಗಬೇಕಿತ್ತು. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಮ್ಮೂರು 76ರ ಆಸುಪಾಸು. ಗಡಿಯಾರ ಹನ್ನೆರಡು ಹೊಡೆದಾಗ ನಮ್ಮ ಸೂರ್ಯ ಇನ್ನೂ ಸುಮಾರು 26 ನಿಮಿಷ ಹಿಂದೆ.)

ನಮ್ಮ ಅರ್ಧ ಗಂಟೆಯ ವ್ಯತ್ಯಾಸ ಇಲ್ಲಿ ಉಪಕಾರಕ್ಕೆ ಬರುತ್ತದೆ. ಪೂರ್ಣ ಗಂಟೆಗೆ ಶುರುವಾಗುವ ಬ್ಯಾಚಾದರೆ ನಿಮಿಷದ ಅಂಕಿ 00 ಇದ್ದ ಸಾಲು ಭಾರತದ ಸಮಯ, 30 ಇದ್ದದ್ದು ಯುಟಿಸಿ, 07 ಇದ್ದದ್ದು ಕಲ್ಕತ್ತೆಯ ಹಳೆಯ ಸಮಯ. ಅರ್ಧ ಗಂಟೆಗೆ ಶುರುವಾಗುವ ಬ್ಯಾಚಾದರೆ ಕ್ರಮವಾಗಿ 30, 00, 37. ಅಂದರೆ 07 ಮತ್ತು 37 ಯಾವಾಗಲೂ ಖಚಿತ. ಉಳಿದವಕ್ಕೆ ಬ್ಯಾಚಿನ ವೇಳಾಪಟ್ಟಿ ಪಕ್ಕದಲ್ಲಿಟ್ಟು ನೋಡಬೇಕು.

ವೇಳಾಪಟ್ಟಿಯೇ ಕಳೆದುಹೋಗಿರುವ ಹಳೆಯ ಬ್ಯಾಚುಗಳಿಗೆ ಗಂಟೆಯ ಅಂಕಿ ಸಾಕ್ಷಿ. ಪಾಠಗಳು ಬೆಳಗಿನ ಜಾವ 5ರಿಂದ ರಾತ್ರಿ 9ರೊಳಗೆ ಮಾತ್ರ ಶುರುವಾಗುತ್ತವೆ. ಯುಟಿಸಿಯಲ್ಲಿ ಅದು ಹಿಂದಿನ ದಿನದ 23:30ರಿಂದ 15:30. ಕಾಲಮ್ಮಿನಲ್ಲಿ 15:30 ದಾಟಿ 21:00ರ ಒಳಗಿದ್ದರೆ ಅದು ಭಾರತದ ಸಮಯವೇ. 23:30ರಿಂದ 5ರ ಒಳಗಿದ್ದರೆ ಯುಟಿಸಿಯೇ. ನಡುವಿನವು ಎರಡೂ ಆಗಬಹುದು. ಅವನ್ನು ಊಹಿಸಿ ತುಂಬಬೇಡಿ. ವಿಡಿಯೋ ಮೀಟಿಂಗಿಗೆ ಜನ ಸೇರಿದ ಲಾಗ್ ಯುಟಿಸಿಯಲ್ಲೇ ಇರುತ್ತದೆ, ಅದರ ಜೊತೆ ತಾಳೆ ಹಾಕಿ. ಲಾಗೂ ಇಲ್ಲದವನ್ನು ‘ಸಂಶಯ’ ಎಂದು ಗುರುತು ಹಾಕಿ ಬಿಟ್ಟುಬಿಡುವುದು ಮೇಲು.

ಬದಲಾಯಿಸುವ ಕ್ರಮ ಹೀಗೆ. ಹಳೆಯ ಕಾಲಮ್ಮಿನ ಬಗೆಯನ್ನು ‘ಆಲ್ಟರ್ ಟೇಬಲ್’ನಿಂದ ಒಂದೇ ಏಟಿಗೆ ಬದಲಿಸಬೇಡಿ, ಮೂರು ಬಗೆಯ ಸಾಲುಗಳಿಗೆ ಒಂದೇ ಸೂತ್ರ ಹೊಂದುವುದಿಲ್ಲ. ‘ಟೈಮ್‌ಸ್ಟ್ಯಾಂಪ್‌ಟಿಝಡ್’ (ಜೋನ್ ಅರಿತು ಯುಟಿಸಿಯಲ್ಲಿ ಇಡುವ) ಬಗೆಯ ಹೊಸ ಕಾಲಂ ಒಂದು, ಸಾಲು ಯಾವ ಬಗೆಯದು ಎಂದು ಬರೆಯುವ ‘ಮೂಲ’ ಎಂಬ ಕಾಲಂ ಇನ್ನೊಂದು ಸೇರಿಸಿ. ಮೊದಲು ‘ಮೂಲ’ ತುಂಬಿ, ಬಗೆಗೊಂದಿಷ್ಟು ಸಾಲು ಕಣ್ಣಾರೆ ನೋಡಿ, ಆಮೇಲೆ ಮೂರು ಅಪ್‌ಡೇಟ್ ಓಡಿಸಿ. ಭಾರತದ ಸಮಯದ ಸಾಲಿಗೆ ‘ಅಟ್ ಟೈಮ್ ಜೋನ್ ಏಷ್ಯಾ/ಕೋಲ್ಕತಾ’, ಯುಟಿಸಿ ಸಾಲಿಗೆ ‘ಅಟ್ ಟೈಮ್ ಜೋನ್ ಯುಟಿಸಿ’, ಮೂರನೆಯದಕ್ಕೆ ಯುಟಿಸಿ ಎಂದೇ ಓದಿ 23 ನಿಮಿಷ ಕೂಡಿಸಿ. ಹಳೆಯ ಕಾಲಮ್ಮನ್ನು ಕನಿಷ್ಠ ಒಂದು ತಿಂಗಳ ಫೀ ಲೆಕ್ಕ ಮುಗಿಯುವ ತನಕ ಅಳಿಸಬೇಡಿ.

ಇಲ್ಲಿ ಪೋಸ್ಟ್‌ಗ್ರೆಸ್ ಮೂರು ಹಳ್ಳ ತೋಡಿಟ್ಟಿದೆ. ‘ಅಟ್ ಟೈಮ್ ಜೋನ್’ ಎರಡು ದಿಕ್ಕಿಗೂ ಕೆಲಸ ಮಾಡುತ್ತದೆ: ಜೋನಿಲ್ಲದ ಸಮಯಕ್ಕೆ ಕೊಟ್ಟರೆ ಜೋನ್ ಸೇರಿಸುತ್ತದೆ, ಜೋನಿರುವ ಸಮಯಕ್ಕೆ ಕೊಟ್ಟರೆ ತೆಗೆಯುತ್ತದೆ. ಕಾಲಮ್ಮಿನ ಬಗೆ ನೋಡದೆ ಬರೆದರೆ ಸಮಯ ಉಲ್ಟಾ ಓಡುತ್ತದೆ, ದೋಷವೂ ಕಾಣಿಸುವುದಿಲ್ಲ. ಎರಡನೆಯದು, ‘ಐಎಸ್‌ಟಿ’ ಎಂದು ಚಿಕ್ಕದಾಗಿ ಬರೆಯುವುದು. ಪೋಸ್ಟ್‌ಗ್ರೆಸ್ ಜೊತೆಗೆ ಬರುವ ಸಂಕ್ಷೇಪಗಳ ಪಟ್ಟಿಯಲ್ಲಿ ಐಎಸ್‌ಟಿ ಅಂದರೆ ಇಸ್ರೇಲ್, ಯುಟಿಸಿಗಿಂತ 2 ಗಂಟೆ ಮುಂದೆ. ಬೆಳಿಗ್ಗೆ 7ರ ಪಾಠ 10:30ಕ್ಕೆ ಹೋಗಿ ಕೂರುತ್ತದೆ. ಮೂರನೆಯದು, ‘ಯುಟಿಸಿ+5:30’ ಎಂದು ಬರೆಯುವುದು. ಪಾಸಿಕ್ಸ್ (ಯುನಿಕ್ಸ್ ಬಗೆಯ ಕಂಪ್ಯೂಟರುಗಳ ಮಾನದಂಡ) ಪದ್ಧತಿಯಲ್ಲಿ ಕೂಡು ಚಿಹ್ನೆ ಅಂದರೆ ಗ್ರೀನಿಚ್‌ನ ಪಶ್ಚಿಮಕ್ಕೆ, ಆದ್ದರಿಂದ 7ರ ಪಾಠ ಸಂಜೆ 6ಕ್ಕೆ ಬೀಳುತ್ತದೆ. ಪೂರ್ತಿ ಹೆಸರು ಬರೆದರೆ ಕೊನೆಯ ಎರಡೂ ಇಲ್ಲ. ಜಾವಾಸ್ಕ್ರಿಪ್ಟಿನ ‘ಗೆಟ್‌ಟೈಮ್‌ಜೋನ್‌ಆಫ್‌ಸೆಟ್’ ಕೂಡ ಇದೇ ಜಾತಿ: ಭಾರತ ಮುಂದಿದ್ದರೂ ಅದು ಕೊಡುವುದು -330 (ನಿಮಿಷ).

ಟೈಮ್‌ಜೋನ್ ಲಾಗಿನ್‌ಗೆ ಅಲ್ಲ, ಮಗುವಿಗೆ

ಬ್ರೌಸರಿನ ‘ಇಂಟ್ಲ್.ಡೇಟ್‌ಟೈಮ್‌ಫಾರ್ಮ್ಯಾಟ್’ ಕೇಳಿದರೆ ಜೋನಿನ ಹೆಸರು ಸಿಗುತ್ತದೆ. ಬಹುತೇಕ ಆ್ಯಪ್‌ಗಳಿಗೆ ಅಷ್ಟು ಸಾಕು. ಇಲ್ಲಿ ಸಾಲದು. ಪಿ.ಜೆ. ಬಡಾವಣೆಯಲ್ಲಿ ಕೂತ ಅಜ್ಜ ನ್ಯೂಜೆರ್ಸಿಯ ಮೊಮ್ಮಗಳಿಗೆ ಫಾರಂ ತುಂಬುತ್ತಾರೆ, ಫೀ ಅವರೇ ಕಟ್ಟುತ್ತಾರೆ. ಬ್ರೌಸರ್ ಕೋಲ್ಕತಾ ಎನ್ನುತ್ತದೆ, ಮಗು ಇರುವುದು ಬೇರೆ ಕಡೆ. ಫೋನ್ ನಂಬರಿನ ಕೋಡೂ ನಂಬುವಂತಿಲ್ಲ: +91 ನಂಬರಿನ ವಾಟ್ಸ್‌ಆ್ಯಪನ್ನೇ ಹೊರದೇಶದಲ್ಲಿ ಬಳಸುವವರು ಬಹಳ, ಮತ್ತು +1 ಅಂದರೆ ಅಮೆರಿಕ, ಕೆನಡಾ ಸೇರಿ ಹಲವು ಜೋನ್. ಐಪಿ ವಿಳಾಸ ವಿಪಿಎನ್ (ಬೇರೆ ಊರಿನ ವಿಳಾಸ ತೋರಿಸಬಲ್ಲ ಸೇವೆ) ಎದುರು ಸೋಲುತ್ತದೆ.

ಆದ್ದರಿಂದ ಜೋನ್ ಕಾಲಂ ವಿದ್ಯಾರ್ಥಿ ಟೇಬಲ್ಲಿಗೆ ಒಂದು, ಖಾತೆಗೆ ಇನ್ನೊಂದು. ಫಾರಮ್ಮಿನಲ್ಲಿ ‘ಮಗು ಯಾವ ಊರಲ್ಲಿದೆ?’ ಎಂದೇ ಕೇಳುವುದು. ‘ನಿಮ್ಮ ಟೈಮ್‌ಜೋನ್ ಆರಿಸಿ’ ಎಂದರೆ ಅರ್ಧ ಜನ ಮೊದಲ ಸಾಲು ಒತ್ತಿ ಮುಂದೆ ಹೋಗುತ್ತಾರೆ. ಪ್ರತಿ ಊರಿನ ಪಕ್ಕ ಅಲ್ಲಿನ ಈಗಿನ ಸಮಯ ತೋರಿಸಿ: ‘ನ್ಯೂಯಾರ್ಕ್, ನ್ಯೂಜೆರ್ಸಿ: ಈಗ ಶನಿವಾರ ರಾತ್ರಿ 8:42’. ಮಗಳಿಗೆ ಆಗಷ್ಟೇ ಫೋನ್ ಮಾಡಿದ ಅಜ್ಜನಿಗೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಐಯಾನಾ ಪಟ್ಟಿಯನ್ನು ಹಾಗೇ ಸುರಿದರೆ ಇನ್ನೊಂದು ಅಪಾಯ: ‘ಜೆರ್ಸಿ’ ಎಂದು ಹುಡುಕಿದವರಿಗೆ ‘ಯುರೋಪ್/ಜೆರ್ಸಿ’ ಸಿಗುತ್ತದೆ. ಅದು ಇಂಗ್ಲಿಷ್ ಕಾಲುವೆಯ ದ್ವೀಪ, ಲಂಡನ್ ಸಮಯದ್ದು. ನ್ಯೂಜೆರ್ಸಿಗೆ ಪ್ರತ್ಯೇಕ ಹೆಸರೇ ಇಲ್ಲ, ಅದು ‘ಅಮೆರಿಕ/ನ್ಯೂಯಾರ್ಕ್’ನೊಳಗೆ.

ಬ್ರೌಸರ್ ಹೇಳಿದ ಜೋನೂ ಉಳಿಸಿದ ಜೋನೂ ಬೇರೆಯಾದರೆ ‘ಊರು ಬದಲಾಗಿದೆಯೇ?’ ಎಂದು ಕೇಳಿ, ತಾನಾಗಿ ಬದಲಿಸಬೇಡಿ. ಈ ಪ್ರಶ್ನೆ ಹಾಕಿದ ಕೂಡಲೇ ಊರು ಬಿಟ್ಟು ಕದಲದ ದಾವಣಗೆರೆಯ ಕ್ರೋಮ್ ಬಳಕೆದಾರರಿಗೂ ಅದು ಕಾಣಿಸಿಕೊಳ್ಳುತ್ತದೆ. ಕಾರಣ, ಕ್ರೋಮ್ ಹಳೆಯ ‘ಏಷ್ಯಾ/ಕ್ಯಾಲ್ಕಟ್ಟಾ’ ಹೆಸರನ್ನು ಕೊಡುತ್ತದೆ, ಫೈರ್‌ಫಾಕ್ಸ್ ‘ಏಷ್ಯಾ/ಕೋಲ್ಕತಾ’. ಎರಡೂ ಒಂದೇ ಜೋನ್, ಅಕ್ಷರ ಬೇರೆ. ಹಳೆಯ ಹೆಸರಿಗೆ ಹೊಸದು ಯಾವುದು ಎಂಬ ಪಟ್ಟಿ ಇಟ್ಟು, ಉಳಿಸುವ ಮುಂಚೆಯೂ ಹೋಲಿಸುವ ಮುಂಚೆಯೂ ಅದರ ಮೂಲಕ ಹಾಯಿಸಬೇಕು. ಐಯಾನಾದ ‘ಬ್ಯಾಕ್‌ವರ್ಡ್’ ಫೈಲಿನಲ್ಲಿ ಈ ಜೋಡಿಗಳು ಸಿದ್ಧವಾಗಿವೆ. 2022ರಲ್ಲಿ ಉಕ್ರೇನಿನ ಕೀವ್ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾದದ್ದೂ ಅಲ್ಲಿದೆ.

ವಾರ ವಾರ ಬರುವ ಪಾಠ

ಮುಗಿದ ಪಾಠಕ್ಕೆ ಯುಟಿಸಿ ಒಂದೇ ಸಾಕು, ಅದು ಇನ್ನು ಬದಲಾಗುವುದಿಲ್ಲ. ಮುಂದಿನ ಪಾಠಕ್ಕೆ ನಿಜವಾದ ದಾಖಲೆ ಬ್ಯಾಚಿನ ನಿಯಮ. ಯುಟಿಸಿ ಅದರಿಂದ ಲೆಕ್ಕ ಹಾಕಿದ ಪ್ರತಿ ಅಷ್ಟೇ. ಸರ್ಕಾರಗಳು ಗಡಿಯಾರದ ಕಾನೂನನ್ನು ಯಾವಾಗ ಬೇಕಾದರೂ ಬದಲಿಸುತ್ತವೆ. ಮೆಕ್ಸಿಕೋದ ಬಹುಭಾಗ 2022ರಲ್ಲಿ ಬೇಸಿಗೆ ಸಮಯ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮರಳಿ ತಂದಿತು, ಕಜಕಸ್ತಾನ 2024ರ ಮಾರ್ಚ್ 1ರಿಂದ ದೇಶಕ್ಕೆಲ್ಲ ಒಂದೇ ಸಮಯ ಮಾಡಿತು.

ಪಾಠಗಳ ಸಾಲುಗಳನ್ನು 26 ವಾರ ಮುಂದಕ್ಕೆ ತಯಾರಿಸಿಡುವುದು ಒಳ್ಳೆಯದು. ಹಳೆಯ ಕೋಡ್ ಹಿಂದಿನ ಪಾಠದ ಯುಟಿಸಿಗೆ 7 ದಿನ ಕೂಡಿಸುತ್ತಿತ್ತು. ನ್ಯೂಜೆರ್ಸಿಗೆ ಕಟ್ಟಿದ ಬ್ಯಾಚ್ ಅದರಿಂದ ಮಾರ್ಚ್ ನಂತರ 9:30ಕ್ಕೆ ಜಾರುತ್ತದೆ. ಸರಿಯಾದ ಕ್ರಮ: ಊರಿನ ತಾರೀಕಿಗೆ 7 ದಿನ ಕೂಡಿಸಿ, ಗಡಿಯಾರದ ಸಮಯ ಜೋಡಿಸಿ, ಪೈಥಾನಿನ ‘ಜೋನ್‌ಇನ್ಫೋ’ದಿಂದ ಜೋನ್ ಹಚ್ಚಿ, ಕೊನೆಗೆ ಯುಟಿಸಿಗೆ ತಿರುಗಿಸಿ. ಪಾಠದ ಅವಧಿ ಕೂಡಿಸುವುದು ಮಾತ್ರ ಯುಟಿಸಿಗೆ ತಿರುಗಿಸಿದ ಮೇಲೆ.

ಗಡಿಯಾರ ಮುಂದೆ ಹೋಗುವ ರಾತ್ರಿ ಒಂದು ಗಂಟೆ ಇರುವುದೇ ಇಲ್ಲ. 2026ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ 2:30 ಎಂಬ ಸಮಯವಿಲ್ಲ. ‘ಜೋನ್‌ಇನ್ಫೋ’ ಸುಮ್ಮನೆ ಅದನ್ನು 07:30 ಯುಟಿಸಿ ಮಾಡುತ್ತದೆ, ಅಂದರೆ ಅಲ್ಲಿನ 3:30. ಯುಟಿಸಿಗೆ ತಿರುಗಿಸಿ ಮತ್ತೆ ಊರಿನ ಸಮಯಕ್ಕೆ ತಂದು, ಮೊದಲಿನದಕ್ಕೆ ಹೊಂದದಿದ್ದರೆ ತಿರಸ್ಕರಿಸಿ. ನವೆಂಬರ್ 1ರ 1:30 ಎರಡು ಸಲ ಬರುತ್ತದೆ, ನಮ್ಮ ಬೆಳಿಗ್ಗೆ 11ಕ್ಕೊಮ್ಮೆ, ಮಧ್ಯಾಹ್ನ 12ಕ್ಕೊಮ್ಮೆ. ಯಾವುದು ಎಂದು ಪೈಥಾನ್ ಡೇಟ್‌ಟೈಮಿನ ‘ಫೋಲ್ಡ್’ 0 (ಮೊದಲ ಸಲ) ಅಥವಾ 1 (ಎರಡನೇ ಸಲ) ಹೇಳುತ್ತದೆ. ಆ ಹೊತ್ತಿಗೆ ಸಂಗೀತ ಕಲಿಯುವವರು ಯಾರೂ ಇಲ್ಲ, ಆದರೆ ರಾತ್ರಿ ಓಡುವ ಕೆಲಸಗಳು ಇರುತ್ತವೆ.

ನಿಜವಾದ ತಲೆನೋವು ಗುರುಗಳ ಹೊತ್ತಿನ ಡಿಕ್ಕಿ. 2026ರ ಮಾರ್ಚ್ 14ರಿಂದ ನ್ಯೂಜೆರ್ಸಿಯ ಬ್ಯಾಚ್ ಇಲ್ಲಿನ ಭಾನುವಾರ ಬೆಳಿಗ್ಗೆ 6ಕ್ಕೆ ಬರುತ್ತದೆ. ಅದೇ ಗುರುಗಳಿಗೆ 6ಕ್ಕೆ ಊರಿನ ಬ್ಯಾಚ್ ಇದ್ದರೆ? ನಿಯಮಗಳನ್ನು ಹೋಲಿಸಿ ಇದು ಸಿಗುವುದಿಲ್ಲ, ಒಂದೊಂದು ಪಾಠದ ಯುಟಿಸಿ ಹೋಲಿಸಬೇಕು. ಅದನ್ನು ಡೇಟಾಬೇಸಿಗೇ ಬಿಡಿ: ಪೋಸ್ಟ್‌ಗ್ರೆಸ್‌ಗೆ ‘ಬಿಟ್ರೀ_ಜಿಸ್ಟ್’ ಎಕ್ಸ್‌ಟೆನ್ಷನ್ ಹಾಕಿ, ಗುರುವಿನ ಐಡಿ ಒಂದೇ ಇದ್ದು ‘ಟಿಎಸ್‌ಟಿಝಡ್‌ರೇಂಜ್’ (ಪಾಠದ ಶುರುವಿನಿಂದ ಕೊನೆಯವರೆಗಿನ ಅವಧಿ) ಒಂದರ ಮೇಲೊಂದು ಬಿದ್ದರೆ ತಡೆಯುವ ಎಕ್ಸ್‌ಕ್ಲೂಡ್ ನಿರ್ಬಂಧ ಬರೆಯಿರಿ. ರೇಂಜ್ ಶುರುವನ್ನು ಒಳಗಿಟ್ಟು ಕೊನೆಯನ್ನು ಹೊರಗಿಡಬೇಕು, ಇಲ್ಲದಿದ್ದರೆ 7ಕ್ಕೆ ಮುಗಿಯುವ ಪಾಠ 7ಕ್ಕೆ ಶುರುವಾಗುವುದರ ಜೊತೆ ಡಿಕ್ಕಿ ಎನ್ನುತ್ತದೆ. ರದ್ದಾದ ಪಾಠಗಳನ್ನು ‘ವೇರ್’ ಹಾಕಿ ಹೊರಗಿಡಿ. 26 ವಾರ ಮುಂಚೆ ತಯಾರಿಸುವುದರಿಂದ ಮಾರ್ಚ್ 14ರ ಡಿಕ್ಕಿ ಹಿಂದಿನ ಸೆಪ್ಟೆಂಬರಿನಲ್ಲೇ ಆಫೀಸಿನವರಿಗೆ ಗೊತ್ತಾಗುತ್ತದೆ.

ಫಾರಂ, ಸಂದೇಶ, ಲೆಕ್ಕ

ವೆಬ್ ಫಾರಮ್ಮಿನಲ್ಲಿ ತಾರೀಕು, ಸಮಯ ತುಂಬುವ ‘ಡೇಟ್‌ಟೈಮ್-ಲೋಕಲ್’ ಪೆಟ್ಟಿಗೆ ಜೋನ್ ಕಳಿಸುವುದಿಲ್ಲ. ಸರ್ವರಿನಲ್ಲಿ ಬ್ಯಾಚಿನ ಜೋನ್ ಹಚ್ಚಬೇಕು, ಪೆಟ್ಟಿಗೆಯ ಪಕ್ಕ ‘ದಾವಣಗೆರೆ ಸಮಯ’ ಅಥವಾ ‘ನ್ಯೂಯಾರ್ಕ್ ಸಮಯ’ ಎಂದು ಬರೆದಿರಬೇಕು. ಜಾವಾಸ್ಕ್ರಿಪ್ಟಿಗೆ ಬರೀ ತಾರೀಕು ಕೊಟ್ಟು ‘ನ್ಯೂ ಡೇಟ್’ ಮಾಡಿದರೆ ಅದು ಯುಟಿಸಿಯ ಮಧ್ಯರಾತ್ರಿ. ದಾವಣಗೆರೆಯಲ್ಲಿ ಅದೇ ದಿನದ ಬೆಳಿಗ್ಗೆ 5:30 ಆಗಿ ಬಚಾವ್, ನ್ಯೂಜೆರ್ಸಿಯಲ್ಲಿ ಹಿಂದಿನ ತಾರೀಕು. ಹುಟ್ಟಿದ ದಿನಾಂಕ ‘ಡೇಟ್’ ಬಗೆಯಲ್ಲೇ ಇರಲಿ, ಅದಕ್ಕೆ ಜೋನ್ ಸೋಕಿಸಲೇಬೇಡಿ.

ಜಾಂಗೋದಲ್ಲಿ ‘ಟೈಮ್‌ಜೋನ್.ಆ್ಯಕ್ಟಿವೇಟ್’ ಕರೆಯುವ ಮಿಡಲ್‌ವೇರ್ (ಪುಟದ ಪ್ರತಿ ಕೋರಿಕೆಯೂ ಹಾದುಹೋಗುವ ಕೋಡ್), ಲಾಗಿನ್ ಇಲ್ಲದವರಿಗೆ ‘ಡಿಆ್ಯಕ್ಟಿವೇಟ್’ ಕೂಡ ಕರೆಯಬೇಕು. ಇಲ್ಲದಿದ್ದರೆ ಸರ್ವರಿನ ಅದೇ ಕೆಲಸದ ಎಳೆಗೆ (ಥ್ರೆಡ್) ಬಂದ ಮುಂದಿನವರಿಗೆ ಹಿಂದಿನವರ ಜೋನ್ ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಕಳಿಸುವ ಹಿನ್ನೆಲೆ ಕೆಲಸಕ್ಕೆ ಮಿಡಲ್‌ವೇರ್ ಇಲ್ಲ, ಅಲ್ಲಿ ಮಗುವಿನ ಜೋನನ್ನು ‘ಓವರ್‌ರೈಡ್’ ಮೂಲಕ ಕೈಯಾರೆ ಕೊಡಿ.

ಸಂದೇಶದಲ್ಲಿ ಎರಡೂ ಊರಿನ ಸಮಯ ವಾರದೊಂದಿಗೆ ಇರಲಿ. ಬ್ರೌಸರಿನ ಕನ್ನಡ ಫಾರ್ಮ್ಯಾಟ್ ಕೊಡುವ ‘ಪೂರ್ವಾಹ್ನ’, ‘ಅಪರಾಹ್ನ’ ಓದಿ ಯಾರೂ ಪಾಠಕ್ಕೆ ಬರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಗಂಟೆ ನೋಡಿ ಹಾಕುವ ನಾಲ್ಕು ಸಾಲಿನ ಫಂಕ್ಷನ್ ಬರೆದುಬಿಡಿ. ಎಚ್ಚರ ಬೇಕಾದದ್ದು ಮಧ್ಯರಾತ್ರಿಯ ನಂತರ. ಕಂಪ್ಯೂಟರಿಗೆ ಭಾನುವಾರ 00:30 ಆದದ್ದು ನಮ್ಮ ಮಾತಿನಲ್ಲಿ ಶನಿವಾರ ರಾತ್ರಿ ಹನ್ನೆರಡೂವರೆ, ಬೆಳಗಾಗುವವರೆಗೆ ದಿನ ಬದಲಾಗುವುದಿಲ್ಲ. ‘ಭಾನುವಾರ ರಾತ್ರಿ 12:30’ ಎಂದು ಕಳಿಸಿದರೆ ಜನ ಒಂದು ದಿನ ತಡವಾಗಿ ಬರುತ್ತಾರೆ. ‘ಶನಿವಾರ ತಡರಾತ್ರಿ 12:30, ತಾರೀಕು 15’ ಎಂದು ಬರೆಯಿರಿ.

ಸರ್ವರ್ ಯುಟಿಸಿಯಲ್ಲೇ ಇರಲಿ. ಇಲ್ಲಿನ ಬೆಳಿಗ್ಗೆ 6ಕ್ಕೆ ಓಡಬೇಕಾದ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ‘30 0’, ಅಂದರೆ 00:30 ಯುಟಿಸಿ. ಪ್ರತಿಯೊಬ್ಬರಿಗೂ ಅವರ ಊರಿನ ಬೆಳಿಗ್ಗೆ 7ಕ್ಕೆ ಹೋಗುವ ಪಟ್ಟಿಗೆ 15 ನಿಮಿಷಕ್ಕೊಮ್ಮೆ ಓಡಿಸಬೇಕು: ನೇಪಾಳ 5:45ರಲ್ಲಿದೆ, ಗಂಟೆಗೊಮ್ಮೆ ಓಡುವ ಕ್ರಾನಿಗೆ ಕಾಠ್ಮಂಡು ಸಿಗುವುದಿಲ್ಲ.

ತಿಂಗಳ ಲೆಕ್ಕದ ಗಡಿ ಭಾರತದ ಮಧ್ಯರಾತ್ರಿ. ಏಪ್ರಿಲ್ 1 ಶುರುವಾಗುವುದು ಮಾರ್ಚ್ 31ರ 18:30 ಯುಟಿಸಿಗೆ. ಅದು ಹಣಕಾಸು ವರ್ಷದ ಗಡಿಯೂ ಹೌದು. ಹಳೆಯ ಕ್ವೆರಿ ಯುಟಿಸಿಯ ತಾರೀಕು ನೋಡುತ್ತಿದ್ದುದರಿಂದ 5:30ಕ್ಕೆ ಮೊದಲಿನ ಪಾಠಗಳೆಲ್ಲ ಹಿಂದಕ್ಕೆ ಸರಿದಿದ್ದವು. ಕಾಲಮ್ಮಿಗೆ ‘ಡೇಟ್’ ಫಂಕ್ಷನ್ ಸುತ್ತುವ ಬದಲು ಎರಡು ಗಡಿಗಳನ್ನು ಯುಟಿಸಿಗೆ ತಿರುಗಿಸಿ ನಡುವಿನದನ್ನು ಆರಿಸಿದರೆ ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಇಂಡೆಕ್ಸೂ ಕೆಲಸಕ್ಕೆ ಬರುತ್ತದೆ.

ಟೆಸ್ಟ್ ಮತ್ತು ಟಿಝಡ್‌ಡೇಟಾ

ಡೆವಲಪರ್ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿದ್ದಷ್ಟು ದಿನ ಈ ತಪ್ಪುಗಳು ಅಡಗಿಯೇ ಇರುತ್ತವೆ. ಟೆಸ್ಟುಗಳನ್ನು ‘ಟಿಝಡ್’ ಎನ್ವಿರಾನ್ಮೆಂಟ್ ಬದಲಿಸಿ ಒಮ್ಮೆ ನ್ಯೂಯಾರ್ಕಿನಲ್ಲಿ, ಒಮ್ಮೆ ‘ಪೆಸಿಫಿಕ್/ಚಾಥಮ್’ನಲ್ಲಿ ಓಡಿಸಿ, ಚಾಥಮ್ ಯುಟಿಸಿಗಿಂತ 12:45 ಮುಂದಿರುವ ನ್ಯೂಜಿಲೆಂಡಿನ ದ್ವೀಪ, ಅಲ್ಲಿ ಪಾಸಾದ ಕೋಡ್ ಎಲ್ಲೂ ಪಾಸಾಗುತ್ತದೆ. ಕ್ರೋಮ್ ಡೆವ್‌ಟೂಲ್ಸ್‌ನ ಸೆನ್ಸರ್ಸ್ ಭಾಗದಲ್ಲಿ ಊರು ಬದಲಿಸಿ ಪುಟ ನೋಡಬಹುದು. ಮೇಲಿನ ತಾರೀಕುಗಳ ಜೊತೆ 2026ರ ಏಪ್ರಿಲ್ 24ರ ಕೈರೋ ಸೇರಿಸಿ: ಅಲ್ಲಿ ಗಡಿಯಾರ ಮಧ್ಯರಾತ್ರಿಯಲ್ಲೇ ಮುಂದೆ ಹೋಗುವುದರಿಂದ ಆ ದಿನಕ್ಕೆ 00:00 ಇಲ್ಲ.

ಜೋನ್ ನಿಯಮಗಳ ಪ್ರತಿ ಹಲವು ಕಡೆ ಇರುತ್ತದೆ: ಆಪರೇಟಿಂಗ್ ಸಿಸ್ಟಂ, ಪೈಥಾನಿನ ‘ಟಿಝಡ್‌ಡೇಟಾ’ ಪ್ಯಾಕೇಜ್, ಪೋಸ್ಟ್‌ಗ್ರೆಸ್, ಬಳಕೆದಾರರ ಬ್ರೌಸರ್. ಚಿಕ್ಕ ಡಾಕರ್ ಇಮೇಜುಗಳಲ್ಲಿ (ಆ್ಯಪ್ ಓಡಿಸಲು ಬೇಕಾದದ್ದನ್ನು ಕಟ್ಟಿಟ್ಟ ಪೊಟ್ಟಣ) ಅದು ಇಲ್ಲದೆಯೂ ಇರಬಹುದು, ಆಗ ‘ಜೋನ್‌ಇನ್ಫೋ’ ಹೆಸರು ಸಿಗಲಿಲ್ಲ ಎಂದು ಬೀಳುತ್ತದೆ. ಅಪ್‌ಡೇಟ್ ಮಾಡಿದ ಮೇಲೆ ಗುನಿಕಾರ್ನ್ (ಜಾಂಗೋ ಓಡಿಸುವ ಸರ್ವರ್) ಮತ್ತು ಹಿನ್ನೆಲೆ ಕೆಲಸಗಳನ್ನು ರೀಸ್ಟಾರ್ಟ್ ಮಾಡಬೇಕು, ಓಡುತ್ತಿರುವ ಪ್ರೋಸೆಸ್ ಹಳೆಯ ನಿಯಮವನ್ನೇ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ ಮುಂದಿನ ಪಾಠಗಳನ್ನು ನಿಯಮದಿಂದ ಮತ್ತೆ ಲೆಕ್ಕ ಹಾಕಿ, ಕೈಯಾರೆ ಬದಲಿಸಿದ ಪಾಠಗಳನ್ನು ಮುಟ್ಟದೆ, ಸಮಯ ಬದಲಾದವರಿಗೆ ಮಾತ್ರ ಸಂದೇಶ ಕಳಿಸಿ.

ಕೊನೆಯಲ್ಲಿ ಹಾಕಿದ್ದು ಕ್ಯಾಲೆಂಡರ್ ಫೀಡ್. ಐಕ್ಯಾಲೆಂಡರ್ ಫೈಲಿನಲ್ಲಿ ಶುರುವಿನ ಸಮಯವನ್ನು ಯುಟಿಸಿಯಲ್ಲಿ ಬರೆದು ವಾರದ ‘ಆರ್‌ರೂಲ್’ (ಮರುಕಳಿಸುವ ನಿಯಮ) ಹಾಕಿದರೆ, ನ್ಯೂಜೆರ್ಸಿಗೆ ಕಟ್ಟಿದ ಬ್ಯಾಚ್ ಫೋನಿನ ಕ್ಯಾಲೆಂಡರಿನಲ್ಲಿ ಮಾರ್ಚ್ ನಂತರ ಮತ್ತೆ 9:30ಕ್ಕೆ ಜಾರುತ್ತದೆ. ಬ್ಯಾಚಿನ ಜೋನನ್ನು ‘ಟಿಝಡ್‌ಐಡಿ’ಯಾಗಿ ಕೊಟ್ಟು, ಜೊತೆಗೆ ಆ ಜೋನಿನ ನಿಯಮ ಹೇಳುವ ‘ವಿಟೈಮ್‌ಜೋನ್’ ಭಾಗವನ್ನೂ ಬರೆಯಿರಿ. ಪ್ರತಿ ಬ್ಯಾಚಿಗೆ ‘ಯುಐಡಿ’ (ಅದರದೇ ಗುರುತು) ಬದಲಾಗದೆ ಇರಲಿ, ಇಲ್ಲದಿದ್ದರೆ ಫೀಡ್ ಹೊಸದಾಗಿ ಓದಿದಾಗ ಅದೇ ಪಾಠ ಹೊಸ ಪಾಠವೆಂದೇ ಲೆಕ್ಕವಾಗುತ್ತದೆ.